ಮೂರಿಂಚು ಅಂದರೆ ಆರಿಂಚು

ಉದ್ದ ಮಾಡಿಸಿದ ಹಿಂದಿನ ಆಕ್ಸಲ್ ಕೂರಿಸಿ ಟ್ರಕ್ಕನ್ನು ಜಾಕಿಯಿಂದ ಇಳಿಸಿದ ಕೂಡಲೇ ವೆಂಕಟಲಕ್ಷ್ಮಿ ಜೋರಾಗಿ ಶಿಳ್ಳೆ ಹಾಕಿದಳು. ಹೊಸೂರಿನ ಬಾಗಲೂರು ರಸ್ತೆಯ ಅವಳ ವೆಲ್ಡಿಂಗ್ ಶೆಡ್ಡಿನಲ್ಲಿ ಇಷ್ಟು ಕಾಲ ಗೇಟು, ಗ್ರಿಲ್ಲು, ತಳಿ ಊರಿನ ಕಡೆಯ ಹೂವಿನ ತೋಟಗಳಿಗೆ ಕಬ್ಬಿಣದ ಕಂಬ, ಅಷ್ಟೇ. 'ಹೆಂಗಸಿನ ವೆಲ್ಡಿಂಗು ಗೇಟಿಗೆ ಸಾಕು' ಎಂದು ನಕ್ಕವರು ಬೇಕಾದಷ್ಟಿದ್ದರು. ಅವರ ಬಾಯಿ ಮುಚ್ಚಿಸಲು ಸಿಕ್ಕ ಗಾಡಿ ಇದು: ಗುಲಾಬಿ ಬೆಳೆಯುವ ಚೆನ್ನಕೇಶವನ ಹಳೇ ಪಿಕಪ್. ಭಾನುವಾರದ ಕೆಸರು ರೇಸಿನಲ್ಲಿ ಅದು ಓಡಿದರೆ ಶೆಡ್ಡಿಗೆ ಗಾಡಿ ಕೆಲಸ ಬರುತ್ತದೆ. ಬಿದ್ದರೆ ಮತ್ತೆ ಗ್ರಿಲ್ಲೇ ಗತಿ.

ಕೆಸರಿನಲ್ಲಿ ಮಗುಚದಿರಲೆಂದು ಮುಂದಿನ ಸಸ್ಪೆನ್ಷನ್ನಿನ ತೋಳುಗಳನ್ನು ಅವಳೇ ಉದ್ದ ಮಾಡಿ, ಎರಡೂ ಚಕ್ರಗಳನ್ನು ಮೂರು ಮೂರು ಇಂಚು ಹೊರಗೆ ತಂದಿದ್ದಳು. ಮುಂದೆ ಅಗಲವಾದ ಮೇಲೆ ಹಿಂದೆಯೂ ಆಗಬೇಕು. ಇಲ್ಲದಿದ್ದರೆ ಮುಂದಿನ ಚಕ್ರ ತುಳಿದ ಜಾಡಿನಲ್ಲಿ ಹಿಂದಿನದು ಬೀಳದೆ, ಬದಿಯ ಹಸಿ ಮಣ್ಣು ಹತ್ತಿ ಬಾಲ ಅಲ್ಲಾಡಿಸುತ್ತದೆ. ಅದಕ್ಕೇ ಲೇತ್ ಕೆಲಸದ ಆವುಲಪ್ಪನಿಂದ ಹಿಂದಿನ ಆಕ್ಸಲನ್ನು ಉದ್ದ ಮಾಡಿಸಿದ್ದಳು.

ಓಡಿಸುವವಳು ರಂಜಿನಿ. ಹೊಸೂರಿನಲ್ಲಿ ಟೀಚರು, ಕೆಸರು ಕಂಡರೆ ಬಿಡದವಳು. ಶೆಡ್ಡಿನ ಹಿಂದಿನ ಒದ್ದೆ ಬಯಲಿನಲ್ಲಿ ಒಂದು ಸುತ್ತು ಹೊಡೆದು, ತಿರುವಿನಲ್ಲಿ ಅಡ್ಡಡ್ಡ ಜಾರಿ ನಿಲ್ಲಿಸಿದಳು.

"ಅಕ್ಕಾ, ಇದ್ರ ಎದೆ ಪೈಲ್ವಾನ್ದು, ಸೊಂಟ ಕೂಸಿಂದು!"

ವೆಂಕಟಲಕ್ಷ್ಮಿ ಟೇಪು ಹಿಡಿದು ಅಳೆದಳು. ಮತ್ತೆ ಅಳೆದಳು. "ಆವುಲಪ್ಪಣ್ಣ, ಎಷ್ಟು ಅಗ್ಲ ಮಾಡ್ದೆ?"

"ನೀನೇ ಪೋನಲ್ಲಿ ಅಂದ್ಯಲ್ಲಮ್ಮ, ಮೂರಿಂಚು. ಮೂರೇ ಮಾಡ್ದೆ."

"ಒಂದೊಂದ್ ಕಡೆಗೆ ಮೂರು ಕಣಣ್ಣ! ಎರಡೂ ಸೇರಿದ್ರೆ ಆರು!"

"ಕಡೆ ಅನ್ನೋ ಮಾತು ನಿನ್ ಬಾಯಿಂದ ಬರ್ಲೇ ಇಲ್ವಲ್ಲ."

ನಿಜ. ಗಿರಾಕಿಯ ಜೊತೆ ತಮಿಳು, ಆವುಲಪ್ಪನ ಜೊತೆ ತೆಲುಗು, ಸಿಟ್ಟು ಬಂದರೆ ಕನ್ನಡ ಆಡುವ ಹೆಂಗಸು ಅವಳು. ಅವತ್ತು ಗಡಿಬಿಡಿಯಲ್ಲಿ 'ಮೂಡು ಇಂಚುಲು' ಎಂದವಳು 'ಒಕ್ಕೊಕ್ಕ ಪಕ್ಕ', ಅಂದರೆ ಒಂದೊಂದು ಕಡೆಗೆ, ಎಂಬುದನ್ನು ನುಂಗಿಬಿಟ್ಟಿದ್ದಳು. "ತಪ್ಪು ನಂದೇ," ಎಂದು ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿದಳು.

ಚೆನ್ನಕೇಶವ ಆಗಲೇ ಒಂದು ಚೀಲ ಬಿಚ್ಚುತ್ತಿದ್ದ. ಒಳಗೆ ಸ್ಪೇಸರುಗಳು, ಚಕ್ರವನ್ನು ಹೊರಗೆ ತಳ್ಳಲು ಆಕ್ಸಲಿನ ತುದಿಯ ಹಬ್ಬಿಗೂ ಚಕ್ರಕ್ಕೂ ನಡುವೆ ಸಿಕ್ಕಿಸುವ ದಪ್ಪ ಬಿಲ್ಲೆಗಳು. ಒಳ್ಳೆಯ ಸ್ಪೇಸರೂ ಇರುತ್ತವೆ. ಇವು ಆ ಜಾತಿಯವಲ್ಲ, ಎಲ್ಲೋ ಎರಕ ಹೊಯ್ದ ಅಗ್ಗದ ಮಾಲು, ಅಂಚಿನಲ್ಲೇ ಗುಳ್ಳೆ ಎದ್ದಿದ್ದವು, ಒಂದು ಹೊಡೆತಕ್ಕೆ ಸೀಳುವಂಥವು.

"ಹಾಕ್ಬುಡಕ್ಕ. ಚಕ್ರದ ಹಿಂದೆ ಇರ್ತದೆ, ಯಾರ್ ನೋಡ್ತಾರೆ?"

ಯಾರ್ ನೋಡ್ತಾರೆ! ಈ ಎರಡು ಮಾತಿನ ಮೇಲೆ ನಮ್ಮಲ್ಲಿ ಎಷ್ಟು ಮೋರಿ, ಎಷ್ಟು ಶಾಲೆಯ ಚಾವಣಿ ನಿಂತಿವೆಯೋ! ಬಿದ್ದ ಮೇಲೆ ಎಲ್ಲರೂ ನೋಡಲು ಓಡುತ್ತೇವೆ, ಹೂವಿನ ಹಾರ ಹಿಡಿದುಕೊಂಡು.

ವೆಂಕಟಲಕ್ಷ್ಮಿಯ ಕೈಯೂ ಒಂದು ಗಳಿಗೆ ಬಿಲ್ಲೆಯ ಕಡೆಗೆ ಚಾಚಿತು. ಸುಳ್ಳು ಯಾಕೆ?

"ಹಾಕಕ್ಕ, ಓಡಿಸ್ತೀನಿ," ಅಂದಳು ರಂಜಿನಿ, ಹೆಲ್ಮೆಟ್ ತೆಗೆಯುತ್ತ. "ಆದ್ರೆ ನೀನು ಪಕ್ಕದ ಸೀಟಲ್ಲಿ ಕೂರ್ಬೇಕು."

ಚಾಚಿದ ಕೈ ಹಿಂದಕ್ಕೆ ಬಂತು. "ಎತ್ಕೊಂಡ್ಹೋಗ್ಲಾ ನಿನ್ ಬಿಲ್ಲೆಗಳ್ನ!" ಎಂದು ಚೆನ್ನಕೇಶವನಿಗೆ ಗದರಿ, ಟೇಪನ್ನು ಸೆರಗಿಗೆ ಸಿಕ್ಕಿಸಿಕೊಂಡು ಎದ್ದಳು. "ಆವುಲಪ್ಪಣ್ಣ, ಹೊಸ್ದು ಮಾಡೋಕೆ ಟೈಮಿಲ್ಲ. ಹುಟ್ತಾನೇ ಅಗ್ಲ ಇರೋದು ಹುಡುಕಣ, ನಡಿ!"

ಕೃಷ್ಣಗಿರಿಯ ಹೆದ್ದಾರಿ ಬದಿಯ ಗುಜರಿಯಲ್ಲಿ ಅವಳು ಒಂದೊಂದೇ ಆಕ್ಸಲ್ ಅಳೆಯುತ್ತ ಹೋದಳು. ಟೈರಿನಿಂದ ಟೈರಿಗಲ್ಲ, ಚಕ್ರ ಕೂರುವ ಹಬ್ಬಿನ ಮುಖದಿಂದ ಮುಖಕ್ಕೆ. ಗುಜರಿಯವನು, "ಎನ್ನಮ್ಮಾ, ಮಾಪ್ಪಿಳ್ಳೈ ಪಾಕ್ಕ ವಂದೀಂಗಳಾ?" ಎಂದು ಕೇಳಿದ, ಮದುವೆಗೆ ಗಂಡು ನೋಡಲು ಬಂದಿರಾ ಎಂದು.

"ಹೂನಪ್ಪ, ಅಳತೆ ಕೂಡ್ಬಂದ್ರೆ ಇವತ್ತೇ ತಾಳಿ!"

ಬೇವಿನ ಮರದಡಿ, ದೊಡ್ಡ ಗಾಡಿಯೊಂದರ ಕೆಳಗೆ ಸಿಕ್ಕಿತು. ಅಗಲ ಕೂಡಿತು. ಬೋಲ್ಟಿನ ತೂತು ಕೂಡಿದವು. ಆವುಲಪ್ಪ ಮುನಿಸು ಮರೆತು "ಕುದಿರಿಂದಮ್ಮೋ!" ಎಂದು ಕೂಗಿದ, ಸರಿಹೋಯ್ತು ಅಂತ. ವೆಂಕಟಲಕ್ಷ್ಮಿ ತುಕ್ಕಿನ ಮೇಲೆಯೇ ಮುತ್ತು ಕೊಟ್ಟಳು.

ಶನಿವಾರವಿಡೀ ಶೆಡ್ಡಿನಲ್ಲಿ ಕಿಡಿ. ಆಕ್ಸಲಿನ ಮೇಲೆ ಎಲೆಪಟ್ಟಿ ಸ್ಪ್ರಿಂಗು ಕೂರುವ ಜಾಗ ಬೇರೆ ಇದ್ದುದರಿಂದ ಹಳೆಯ ಪೀಠಗಳನ್ನು ಕತ್ತರಿಸಿ, ಹೊಸವನ್ನು ಬೆಸೆದಳು. ಚೆನ್ನಕೇಶವ ಗೊಣಗುತ್ತಲೇ ದೀಪ ಹಿಡಿದ. "ಸೋತ್ರೆ ನಾನು ಸುಮ್ನಿರಲ್ಲಕ್ಕ." "ರಂಜಿ ಸತ್ರೆ ಸುಮ್ನಿರ್ತಿದ್ಯಾ? ದೀಪ ಇತ್ಲಾಗ್ ಹಿಡಿಲಾ."

ಭಾನುವಾರ ಬಯಲ ತುಂಬ ಜನ, ಮೂರು ಭಾಷೆಯ ಕೂಗು. ಬಾವುಟ ಬಿದ್ದದ್ದೇ ರಂಜಿನಿ ಕೆಸರು ಸೀಳಿಕೊಂಡು ಹೋದಳು. ಹಿಂದಿನ ದಿನದ ಮಳೆಗೆ ಕೊಳೆತ ಕೊನೆಯ ತಿರುವಿನಲ್ಲಿ ಎರಡು ಜೀಪು ಜಾರಿ ಬೇಲಿಗೆ ಬಿದ್ದವು. ಪಿಕಪ್ಪಿನ ಹಿಂಬದಿ ಮಾತ್ರ ಮುಂಬದಿಯ ಬೆನ್ನಿಗೇ ಅಂಟಿಕೊಂಡು ತಿರುಗಿ, ದಿಬ್ಬ ಹಾರಿ, ನಾಲ್ಕೂ ಚಕ್ರ ಊರಿ ದಡ್ಡನೆ ಇಳಿಯಿತು. ಎರಡನೇ ಸ್ಥಾನ!

ಚೆನ್ನಕೇಶವ ಕುಣಿಯುತ್ತಿದ್ದ. ವೆಂಕಟಲಕ್ಷ್ಮಿ ಅತ್ತ ನೋಡಲೂ ಇಲ್ಲ. ಒಳ್ಳೆಯ ಸೀರೆಯಲ್ಲೇ ಕೆಸರಿನಲ್ಲಿ ಅಂಗಾತ ಮಲಗಿ ಗಾಡಿಯಡಿ ತೂರಿದಳು. ಬಿಸಿ ಮಣ್ಣು ಉಜ್ಜಿ, ಬೆಸುಗೆಯ ಗೆರೆಯುದ್ದಕ್ಕೂ ಬೆರಳಾಡಿಸಿದಳು. ಈ ಬದಿ. ಆ ಬದಿ. ಕೂದಲೆಳೆಯಷ್ಟೂ ಬಿರುಕಿಲ್ಲ.

"ಹಿಡ್ಕೊಂಡೈತೆ ಕಣೇ ರಂಜೀ!" ಗಾಡಿಯ ಕೆಳಗಿಂದ ಕೂಗು ಬಂತು. "ಹಿಡ್ಕೊಂಡೈತೆ!"