ಅಮ್ಮನ ಮೂಗು

ಅಮ್ಮ ತೀರಿಕೊಂಡ ಮೇಲೂ ಅವಳ ಮುಖ ನಮ್ಮ ಜಯಲಕ್ಷ್ಮಿಪುರಂ ಮನೆಯಲ್ಲಿ ಓಡಾಡಿಕೊಂಡೇ ಇತ್ತು. ಅದು ಅಕ್ಕನ ಮುಖ. ಅದೇ ಅಗಲ ಹಣೆ, ಅದೇ ಸಣ್ಣ ಗಲ್ಲ, ಎಲ್ಲಕ್ಕಿಂತ ಮಿಗಿಲಾಗಿ ಅದೇ ಮೂಗು. ನಡುವೆ ಉಬ್ಬಿ, ತುದಿಯಲ್ಲಿ ಕೆಳಕ್ಕೆ ಬಾಗಿದ ಗಿಣಿಮೂಗು. ನನಗೆ ಬಂದದ್ದು ಅಪ್ಪನ ಮೊಂಡು ಮೂಗು. ನಮ್ಮಿಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿದವರಾರೂ ಅಕ್ಕತಂಗಿಯರು ಎಂದು ಹೇಳುತ್ತಿರಲಿಲ್ಲ.

ಚಿಕ್ಕಂದಿನಲ್ಲಿ ನೆಂಟರು ಅಕ್ಕನ ಗಲ್ಲ ಹಿಡಿದು, "ಇದನ್ನ ಯಾರ ತಲೆಗೆ ಕಟ್ಟೋದಮ್ಮ?" ಎಂದು ನಗುತ್ತಿದ್ದರು. ಅವಳ ವಯಸ್ಸಿನ ಹುಡುಗಿಯರಲ್ಲಿ ಸಂಪಿಗೆ ಎಸಳಿನಂಥ ಮೂಗಿನವರನ್ನು ಆಗಾಗ ಅವಳ ಮುಂದೆಯೇ ಹೊಗಳುತ್ತಿದ್ದರು. ಮುಂದೆ ಗಂಡಿನ ಕಡೆಯವರು ಬಂದರು, ಉಪ್ಪಿಟ್ಟು ತಿಂದರು, ಆಮೇಲೆ ತಿಳಿಸುತ್ತೇವೆ ಎಂದು ಹೋದರು. ಕೊನೆಗೆ ಅಕ್ಕನೇ ಅಡಿಗೆಮನೆಯಿಂದ ಕೂಗಿ ಹೇಳಿದಳು: "ಮೂಗು ನೋಡಿ ಓಡೋರು ಓಡ್ಲಿ ಬುಡಮ್ಮ. ಇನ್ಮೇಲೆ ಯಾರಿಗೂ ಉಪ್ಪಿಟ್ಟು ಕೆದಕಲ್ಲ ನಾನು." ಅವಳಿಗೆ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು. ನನಗೆ ಮದುವೆಯಾಗಿ ನಾನು ಸರಸ್ವತಿಪುರಂಗೆ ಬಂದೆ. ಅಕ್ಕ ಅಪ್ಪ ಅಮ್ಮನ ಜೊತೆಯಲ್ಲೇ ಉಳಿದಳು. ಅವಳು ಬಾಯ್ತುಂಬ ನಗುವವಳು. ಆ ಮಾತುಗಳೆಲ್ಲ ಅವಳೊಳಗೆ ಎಲ್ಲೋ ಕೂತಿದ್ದರೂ ನನಗೆ ಕಾಣಲಿಲ್ಲ.

ಅಮ್ಮನ ವೈಕುಂಠ ಸಮಾರಾಧನೆಯ ದಿನ ಅಕ್ಕ ಅಮ್ಮನದೊಂದು ಸೀರೆ ಉಟ್ಟು ಊಟದ ಸಾಲಿನ ಮುಂದೆ ಬಂದಳು. ನಮ್ಮ ಸೋದರತ್ತೆ ಕೈಯಲ್ಲಿದ್ದ ತುತ್ತನ್ನು ಎಲೆಗೇ ಬಿಟ್ಟರು. "ಅಯ್ಯೋ, ಅವಳೇ ಎದ್ದು ಬಂದಂಗಾಯ್ತಲ್ಲೇ!" ಸಾಲಿನಲ್ಲಿದ್ದವರೆಲ್ಲ ಕತ್ತೆತ್ತಿ ನೋಡಿದರು. ಅಕ್ಕ ಪಾಯಸದ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಅದಾದ ಮೇಲಿನ ಮಳೆಗಾಲದಲ್ಲಿ ಅಪ್ಪನಿಗೆ ಮರೆವು ಶುರುವಾಯಿತು. ಅಂಚೆ ಕಚೇರಿಯ ಕೆಲಸದಲ್ಲಿದ್ದಾಗ ಇಡೀ ಮೈಸೂರಿನ ಬೀದಿಗಳನ್ನು ಬಾಯಿಪಾಠ ಹೇಳುತ್ತಿದ್ದ ಮನುಷ್ಯ, ಬಚ್ಚಲುಮನೆ ಎಲ್ಲಿ ಎಂದು ಕೇಳತೊಡಗಿದರು. ಅಪ್ಪ ಎಂದೂ ಅಮ್ಮನನ್ನು ಹೆಸರು ಹಿಡಿದು ಕರೆದವರಲ್ಲ. ‘ಇವಳೇ’ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅಕ್ಕ ಕಾಫಿ ತಂದಾಗ, "ಇವಳೇ, ಪೇಪರ್ ಬಂತಾ?" ಎಂದರಂತೆ. ಅಕ್ಕ ಇದನ್ನು ಫೋನಿನಲ್ಲಿ ನನಗೆ ಹೇಳಿ ನಕ್ಕಳು. ಆಮೇಲಾಮೇಲೆ ಹೇಳುವುದನ್ನು ನಿಲ್ಲಿಸಿದಳು.

ಒಂದು ಭಾನುವಾರ ಸಂಜೆ ನಾನು ಅಲ್ಲಿಯೇ ಇದ್ದೆ. ಅಕ್ಕ ದೇವರ ದೀಪ ಹಚ್ಚಿ, ಕಾಫಿ ಹಿಡಿದು ನಡುಮನೆಗೆ ಬಂದಳು. ಅಪ್ಪ ಅವಳ ಸೆರಗಿನ ತುದಿ ಹಿಡಿದುಕೊಂಡರು.

"ಯಾಕೆ ಮಾತಾಡ್ತಿಲ್ಲ? ನಾನೇನಂದೆ ನಿನಗೆ? ಅಂದಿದ್ರೆ ತಪ್ಪಾಯ್ತು ಅಂತೀನಿ."

ಅಪ್ಪನ ಕಣ್ಣಲ್ಲಿ ನೀರಿತ್ತು. ಅಕ್ಕ ನನ್ನ ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು:

"ಇಲ್ಲಾರೀ. ನೀವೇನೂ ಅಂದಿಲ್ಲ. ಕಾಫಿ ಕುಡೀರಿ."

ಅದು ಅಮ್ಮನ ದನಿ. ‘ರೀ’ ಎನ್ನುವಲ್ಲಿ ಅಮ್ಮ ಎಳೆಯುತ್ತಿದ್ದ ಎಳೆತವೂ ಹಾಗೇ ಇತ್ತು. ಅಪ್ಪ ಸಮಾಧಾನವಾಗಿ ಲೋಟ ತೆಗೆದುಕೊಂಡರು. ಅಕ್ಕ ಅಡಿಗೆಮನೆಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತಳು.

ಮಾರನೆಯ ವಾರ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಇಬ್ಬರೂ ನಡೆಯುತ್ತಿದ್ದಾಗ ಅವಳಾಗಿಯೇ ಬಾಯಿಬಿಟ್ಟಳು. "ಕನ್ನಡಿ ಮುಂದೆ ನಿಂತ್ರೆ ನಾನು ಕಾಣಲ್ಲ ಕಣೇ. ಅವಳೇ ಕಾಣ್ತಾಳೆ. ನಾನು ಹಲ್ಲುಜ್ಜಿದ್ರೆ ಅವಳು ಬಾಯಿ ಮುಕ್ಕಳಿಸ್ತಾಳೆ. ಅಪ್ಪ ಕರೆದ್ರೆ ಯಾರು ಓಗೊಡ್ತಿರೋದು ಅಂತ ಈಗೀಗ ನಂಗೇ ತಿಳಿಯಲ್ಲ."

ನಾನು ಮರೆವಿನ ಡಾಕ್ಟರ ಬಗ್ಗೆ, ಹಗಲು ಹೊತ್ತು ನೋಡಿಕೊಳ್ಳುವವರ ಬಗ್ಗೆ ಏನೇನೋ ಹೇಳಿದೆ. ಅವಳು ಬ್ಯಾಗಿನಿಂದ ಫೋನ್ ತೆಗೆದು ಒಂದು ಚಿತ್ರ ತೋರಿಸಿದಳು. ಅಕ್ಕನದೇ ಕಣ್ಣು, ಅಕ್ಕನದೇ ತುಟಿ, ನಡುವೆ ನೇರವಾದ ಪುಟ್ಟ ಮೂಗು. ಮೂಗು ತಿದ್ದುವ ಕ್ಲಿನಿಕ್ಕೊಂದರ ಡಾಕ್ಟರು ಕಂಪ್ಯೂಟರಿನಲ್ಲಿ ಮಾಡಿಕೊಟ್ಟದ್ದಂತೆ.

"ಬೇಡ ಕಣಕ್ಕ," ಎಂದೆ. "ದೇವರು ಕೊಟ್ಟದ್ದು ಚೆನ್ನಾಗೇ ಇದೆ."

"ದೇವರು ಕೊಟ್ಟದ್ದು ಅವಳಿಗೆ. ನನಗೆ ಅವಳು ದಾಟಿಸಿದ್ದು. ಇನ್ನುಳಿದ ಕಾಲಕ್ಕಾದ್ರೂ ನನ್ನದು ಅಂತ ಒಂದು ಮುಖ ಇರ್ಲಿ ಬುಡು."

ಅವಳ ಜೊತೆ ಕ್ಲಿನಿಕ್ಕಿಗೆ ನಾನೇ ಹೋದೆ. ಡಾಕ್ಟರು ಒಳ್ಳೆಯ ಮಾತಿನವರು. ರಕ್ತ ಕಟ್ಟಬಹುದು, ಕೀವಾಗಬಹುದು, ಅಪರೂಪಕ್ಕೆ ಇನ್ನೊಂದು ಆಪರೇಷನ್ ಬೇಕಾಗಬಹುದು ಎಂದು ಬಸ್ಸಿನ ಕಂಡಕ್ಟರು ಸ್ಟಾಪುಗಳ ಹೆಸರು ಕೂಗುವ ಹಾಗೆ ಹೇಳಿ ಮುಗಿಸಿದರು. ನಾವೂ ಆ ಸ್ಟಾಪುಗಳಲ್ಲಿ ಇಳಿಯುವವರಲ್ಲ ಎಂಬಂತೆ ಕೇಳಿಸಿಕೊಂಡೆವು.

ಬೇಸಿಗೆ ರಜೆಯಲ್ಲಿ ಆಪರೇಷನ್ ಆಯಿತು. ಮೂಗಿನ ಮೇಲೆ ಪಟ್ಟಿ, ಕಣ್ಣಿನ ಸುತ್ತ ನೇರಳೆಹಣ್ಣಿನ ಬಣ್ಣ. ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ಪಾಪ, ಈ ಹುಡುಗಿಗೆ ಯಾರು ಹೊಡೆದ್ರು?" ಎಂದು ಕೇಳಿದರು. ಪಟ್ಟಿ ಬಿಚ್ಚಿದ ದಿನ ಅಕ್ಕ ಬಹಳ ಹೊತ್ತು ಕನ್ನಡಿಯ ಮುಂದೆ ನಿಂತಳು. ನಾನು ಸುಳ್ಳು ಹೇಳಬಾರದು, ಅವಳು ಚೆಂದ ಕಂಡಳು. ಮೂಗಿನಲ್ಲಿ ಇನ್ನೂ ಊತವಿದ್ದರೂ ಹತ್ತು ವರ್ಷ ಚಿಕ್ಕವಳಾದಂತಿದ್ದಳು. ಕಾಲೇಜಿನಲ್ಲಿ ಯಾರೋ ಅವಳನ್ನು ಹೊಸ ಮೇಡಂ ಎಂದುಕೊಂಡರಂತೆ. ಅದನ್ನು ಹೇಳುವಾಗ ಅವಳ ದನಿ ಹಾರುತ್ತಿತ್ತು.

ಪಟ್ಟಿ ಬಿಚ್ಚಿದ ದಿನದ ಸಂಜೆಯಿಂದಲೇ ಅಪ್ಪ ಗೇಟಿನ ಹತ್ತಿರ ನಿಲ್ಲತೊಡಗಿದರು.

"ಒಳಗೆ ಬನ್ನಿ ಅಪ್ಪ," ಎಂದು ಅಕ್ಕ ಕರೆದರೆ, "ನೀವು ಯಾರಮ್ಮ? ನಮ್ಮೋಳು ಅಂಗಡಿಗೆ ಹೋದೋಳು ಇನ್ನೂ ಬಂದಿಲ್ಲ," ಎನ್ನುವರು. ಬೀದಿ ದೀಪ ಹತ್ತುವವರೆಗೂ ಗೇಟಿನ ಸರಳು ಹಿಡಿದು ರಸ್ತೆ ನೋಡುವರು. ಎದುರು ಮನೆಯವರು, "ಏನ್ ಸ್ವಾಮಿ, ವಾಕಿಂಗಾ?" ಎಂದರೆ ಅವರಿಗೂ ಅದೇ ಮಾತು: "ನಮ್ಮೋಳು ಬರ್ಬೇಕು." ಅಮ್ಮನ ಸಾವು ಅಪ್ಪನಿಗೆ ಅದುವರೆಗೆ ತಟ್ಟಿಯೇ ಇರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಈಗ ಅವಳು ಮನೆಯಿಂದ ನಿಜವಾಗಿ ಹೊರಟುಹೋಗಿದ್ದಳು.

ಅಕ್ಕ ಈ ಬಗ್ಗೆ ಏನಾದರೂ ಹೇಳುವ ಮೊದಲೇ ಅವಳಿಗೆ ಜ್ವರ ಬಂತು. ಮೂಗು ಕೆಂಪಾಗಿ ಊದಿತು, ಒಳಗೆ ಕೆಟ್ಟ ವಾಸನೆ. ಕ್ಲಿನಿಕ್ಕಿನವರು ಊತ ಸಹಜ ಎಂದು ಮಾತ್ರೆ ಬರೆದುಕೊಟ್ಟು ಕಳಿಸಿದರು. ಮತ್ತೆ ಹೋದಾಗ ಬೇರೆ ಮಾತ್ರೆ. ನೋವು ತಡೆಯಲಾರದೆ ದೊಡ್ಡ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಒಳಗೆ ಕಟ್ಟಿದ್ದ ರಕ್ತ ಕೀವಾಗಿ, ಮೂಗನ್ನು ಎತ್ತಿ ಹಿಡಿಯುವ ಮೃದು ಎಲುಬು ಕೊಳೆತುಹೋಗಿತ್ತು. ಕೀವು ತೆಗೆದರು, ಜ್ವರ ಇಳಿಯಿತು. ಆಮೇಲಿನ ತಿಂಗಳುಗಳಲ್ಲಿ ಆ ಹೊಸ ಮೂಗು ಒಳಗೆ ಮಣ್ಣು ಕುಸಿದ ದಿಣ್ಣೆಯ ಹಾಗೆ ನಡುವೆ ಕುಗ್ಗಿತು.

ಆಸ್ಪತ್ರೆಯ ಕಿವಿ-ಮೂಗಿನ ಡಾಕ್ಟರಮ್ಮ ನೇರ ಮಾತಿನವರು. "ಮೂಗಿನ ನಡುಗೋಡೆಯಲ್ಲಿ ತೂತಾಗಿದೆ. ಪಕ್ಕೆಲುಬಿಂದ ತುಂಡು ತೆಗೆದು ಮೇಲಿನ ಆಕಾರ ಸ್ವಲ್ಪ ಸರಿಮಾಡ್ಬಹುದು. ತೂತು ಮುಚ್ಚೋದು ಮಾತ್ರ ಕಷ್ಟ."

"ಎಲ್ಲರಿಗೂ ಹಿಂಗೇ ಆಗತ್ತಾ ಮೇಡಂ?" ಎಂದು ನಾನು ಕೇಳಿದೆ.

"ಇಲ್ಲಮ್ಮ. ಎಷ್ಟೋ ಜನಕ್ಕೆ ಏನೂ ಆಗಲ್ಲ. ಆದ್ರೆ ಆದವರ ಮುಂದೆ ಕೂತು ನಾನು ಆ ಮಾತು ಹೇಳಿ ಏನುಪಯೋಗ?"

ಅಕ್ಕ ಇನ್ನು ಕತ್ತರಿಸಿಕೊಳ್ಳುವುದಿಲ್ಲ ಎಂದಳು.

ಆಮೇಲೆ ಸಿಳ್ಳೆ ಶುರುವಾಯಿತು. ಅವಳು ಉಸಿರೆಳೆದಾಗಲೆಲ್ಲ ಆ ತೂತಿನಿಂದ ಸಣ್ಣ, ತೆಳುವಾದ ಸಿಳ್ಳೆ ಬರುತ್ತಿತ್ತು. ದೂರದಲ್ಲಿ ಯಾರೋ ಯಾರನ್ನೋ ಕರೆದಂತೆ. ಮನೆಯಲ್ಲಿ ಫ್ಯಾನಿನ ಸದ್ದಿನಲ್ಲಿ ಅದು ಮುಚ್ಚಿಹೋಗುತ್ತಿತ್ತು. ಆದರೆ ಅವಳದು ಲೈಬ್ರರಿ. ಓದುವ ಕೋಣೆಯಲ್ಲಿ ಅವಳು ಪುಸ್ತಕ ಜೋಡಿಸುತ್ತಿದ್ದರೆ ಮಕ್ಕಳು ತಲೆಯೆತ್ತಿ ಸುತ್ತ ನೋಡುವರು, ಕಿಟಕಿ ನೋಡುವರು. ಅವಳು ಉಸಿರು ಬಿಗಿಹಿಡಿದು ಕಪಾಟುಗಳ ಹಿಂದಕ್ಕೆ ಸರಿಯುವಳು. ಕೊರೋನಾ ಮುಗಿದು ಎಲ್ಲರೂ ಮಾಸ್ಕ್ ತೆಗೆದು ಎಷ್ಟೋ ಕಾಲವಾಗಿತ್ತು, ಅವಳು ಮತ್ತೆ ಹಾಕಿಕೊಂಡಳು. ವಾಸನೆ ಹಿಡಿಯುವ ಶಕ್ತಿಯೂ ಹೋಗಿತ್ತು. ಹಾಲು ಉಕ್ಕಿ ಸೀದು ಮನೆಯೆಲ್ಲ ವಾಸನೆ ತುಂಬಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅಪ್ಪನೇ, "ಯಾರಮ್ಮಾ ಒಳಗೆ, ಏನೋ ಸೀಯ್ತಿದೆ," ಎಂದು ಕೂಗಬೇಕಿತ್ತು.

"ಕನ್ನಡಿ ಈಗ ಹೆಂಗಿದೆ?" ಎಂದು ಒಮ್ಮೆ ಕೇಳಿದೆ. ಕೇಳಬಾರದಿತ್ತೇನೋ.

"ಮೊದಲು ಅಮ್ಮ ಕಾಣ್ತಿದ್ಲು," ಎಂದಳು. "ಈಗ ಯಾರೂ ಕಾಣಲ್ಲ ಕಣೇ."

ಅಪ್ಪನಿಗೆ ಮಾತ್ರ ಈ ಹೊಸ ಹೆಂಗಸು ಹಿಡಿಸಿದ್ದಳು. ಮಾಸ್ಕ್ ಹಾಕಿಕೊಂಡು ಮಾತ್ರೆ ಕೊಡುವ ಅವಳನ್ನು ನರ್ಸ್ ಎಂದುಕೊಂಡು ‘ನರ್ಸಮ್ಮ’ ಎಂದೇ ಕರೆಯುತ್ತಿದ್ದರು. ಆ ಸಿಳ್ಳೆ ಅವರಿಗೆ ಕೇಳುತ್ತಿತ್ತೋ ಇಲ್ಲವೋ, ಒಮ್ಮೆಯೂ ಆ ಮಾತೆತ್ತಲಿಲ್ಲ. ಒಂದು ಮಧ್ಯಾಹ್ನ ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಅಕ್ಕ ಅಪ್ಪನಿಗೆ ಕಿತ್ತಳೆ ತೊಳೆ ಬಿಡಿಸಿ ಕೊಡುತ್ತಿದ್ದಳು. ಅಪ್ಪನ ದನಿ ಕೇಳಿಸಿತು.

"ನಮ್ಮೋಳದು ಗಿಣಿಮೂಗು ನರ್ಸಮ್ಮ. ಹೆಣ್ಣು ನೋಡೋಕೆ ಹೋಗಿದ್ನಲ್ಲ, ಅವರ ಮನೆಯೋರು ಅವಳನ್ನ ನನ್ನ ಎದುರಿಗೆ ನೇರಕ್ಕೆ ಕೂರ್ಸಿದ್ರು, ಮೂಗಿನ ಡೊಂಕು ಕಾಣಬಾರ್ದು ಅಂತ. ಇವಳೇನು ಮಾಡಿದ್ಲು ಗೊತ್ತಾ? ಕೂತೋಳು ಪೂರ್ತಿ ಪಕ್ಕಕ್ಕೆ ತಿರುಗಿಬುಟ್ಲು. ‘ಸರಿಯಾಗಿ ನೋಡ್ಕೊಂಬುಡಿ, ಆಮೇಲೆ ಮೋಸ ಆಯ್ತು ಅನ್ಬೇಡಿ’ ಅಂದ್ಲು. ಅವರಪ್ಪ ಬೆವೆತುಹೋದ್ರು. ನಾನು ಅಲ್ಲೇ ಹೂಂ ಅಂದೆ."

ಈ ಕತೆಯನ್ನು ಅಪ್ಪ ನಮಗೆ ಎಂದೂ ಹೇಳಿರಲಿಲ್ಲ. ಅಮ್ಮನೂ ಹೇಳಿರಲಿಲ್ಲ. ನನ್ನ ಕೈಯ ಬಟ್ಟೆ ಕೈಯಲ್ಲೇ ಉಳಿಯಿತು. ಅಕ್ಕನ ಉಸಿರಿನ ಸಿಳ್ಳೆ ನಿಂತಿತ್ತು. ಆಮೇಲೆ ಅವಳು ಕೇಳಿದಳು:

"ಆ ಮೂಗು ಚೆನ್ನಾಗಿತ್ತಾ?"

"ಚೆನ್ನಾಗಿತ್ತೋ ಇಲ್ವೋ, ಅದನ್ನ ನಾನು ಯೋಚಿಸ್ಲೇ ಇಲ್ಲ. ಅದಿಲ್ದೆ ಅವಳು ಅವಳಾಗ್ತಿರ್ಲಿಲ್ಲ, ಅಷ್ಟೇ. ಇನ್ನೇನು ಬಂದುಬಿಡ್ತಾಳೆ. ನೀವು ಇರಿ, ಅವಳನ್ನ ನೋಡ್ಕೊಂಡೇ ಹೋಗಿ."

"ಆಗ್ಲಿ," ಎಂದಳು ಅಕ್ಕ. "ಇರ್ತೀನಿ."

ನಾನು ಹೊರಗೆ ಬಂದಾಗ ಅವಳು ಮಾಸ್ಕ್ ತೆಗೆದು ಕೂತಿದ್ದಳು. ಅಪ್ಪ ಅವಳ ಕುಸಿದ ಮೂಗನ್ನು ಮುಖ ತಿರುಗಿಸದೆ ನೋಡುತ್ತ ಕಿತ್ತಳೆ ತಿನ್ನುತ್ತಿದ್ದರು.

ಆ ವರ್ಷದ ಚಳಿಗಾಲ ಕಳೆಯುವ ಮೊದಲೇ ಅಪ್ಪ ಹೋದರು. ಡಾಕ್ಟರಮ್ಮ ಅಕ್ಕನ ಮೂಗಿನೊಳಗೆ ತೂತಿಗೆ ಒಂದು ಮೆತ್ತನೆಯ ಸಿಲಿಕೋನ್ ಬಿರಡೆ ಕೂರಿಸಿದ್ದಾರೆ. ಸಿಳ್ಳೆ ಬಹಳಮಟ್ಟಿಗೆ ನಿಂತಿದೆ. ದಿನವೂ ಉಪ್ಪುನೀರಿನಲ್ಲಿ ಮೂಗು ತೊಳೆಯಬೇಕು, ಚಳಿಯಲ್ಲಿ ರಕ್ತ ಬರುತ್ತದೆ. ಮಾಸ್ಕ್ ಬಿಟ್ಟಿದ್ದಾಳೆ. ಯಾರಾದರೂ ಕೇಳಿದರೆ ಮುಚ್ಚಿಡದೆ ಹೇಳುತ್ತಾಳೆ. ಮೂಗು ಸರಿಮಾಡಿಸಿಕೊಳ್ಳಬೇಕು ಎಂದು ಬಂದ ವಿದ್ಯಾರ್ಥಿನಿಯೊಬ್ಬಳನ್ನು ತನ್ನ ಮೇಜಿನ ಎದುರು ಕೂರಿಸಿಕೊಂಡು, ಬೇಡ ಎಂದೂ ಹೇಳದೆ, ಆದದ್ದನ್ನೆಲ್ಲ ಹೇಳಿದಳಂತೆ. ಆ ಹುಡುಗಿ ಏನು ಮಾಡಿದಳೋ ಗೊತ್ತಿಲ್ಲ.

ಅಕ್ಕನ ಮುಖ ಅಕ್ಕನದು. ಅದರಲ್ಲಿ ನಾನು ಅಮ್ಮನನ್ನು ಹುಡುಕುವುದು ಸರಿಯಲ್ಲ ಎಂದು ತಿಳಿದಿದೆ. ಆದರೂ ನನಗೂ ಅಮ್ಮ ಅಲ್ಲಿಯೇ ಉಳಿದಿದ್ದಳು. ಪ್ರತಿ ಭಾನುವಾರ ನಾನು ಜಯಲಕ್ಷ್ಮಿಪುರಂಗೆ ಹೋಗುತ್ತಿದ್ದದ್ದು ಅಪ್ಪನನ್ನು ನೋಡಲು ಮಾತ್ರವಲ್ಲ.

ಈಚೆಗೆ ಸಿಟಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಒಬ್ಬ ಹೆಂಗಸು ಕೂತಿದ್ದರು. ನಡುವಯಸ್ಸು, ಮಡಿಲಲ್ಲಿ ಸೊಪ್ಪಿನ ಚೀಲ. ಬೆಳಕಿಗೆ ಎದುರಾಗಿ ಅವರ ಮುಖದ ಅಂಚು ಕಾಣುತ್ತಿತ್ತು. ಹಣೆಯಿಂದ ಇಳಿದು, ಉಬ್ಬಿ, ಬಾಗಿದ ಆ ಗೆರೆ. ನಾನು ಇಳಿಯಬೇಕಾದ ಸ್ಟಾಪ್ ದಾಟಿಹೋಯಿತು. ಇಳಿಯಲಿಲ್ಲ. ಅವರಿಗೆ ನನ್ನ ನೋಟ ತಟ್ಟಿರಬೇಕು, ತಿರುಗಿದರು. ತಿರುಗಿದ ಮುಖ ಯಾರದೋ.

"ಏನ್ರೀ? ಯಾಕೆ ಅಂಗೆ ನೋಡ್ತಿದೀರ?"

"ಏನಿಲ್ಲ ಕಣ್ರೀ," ಎಂದೆ.

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಸೆರಗಿನ ತುದಿಯನ್ನು ಮೆಲ್ಲಗೆ ಎಳೆದು ಮೂಗಿಗೆ ಅಡ್ಡ ಹಿಡಿದು, ಕಿಟಕಿಯ ಕಡೆ ತಿರುಗಿಕೊಂಡರು.