ಡಿಸ್ಕ್ ಚೀಟಿ ಮುರಿದ ವರ್ಷ

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಮ್ಮ ಕ್ಯಾಸಂಬಳ್ಳಿ ಕಡೆಯ ತೋಟಗಳಲ್ಲಿ ಟೊಮೇಟೊ ಕಿತ್ತು, ಕ್ರೇಟು ಹೊತ್ತು ಓದಿಸಿದಳು. ಈಗ ನಾನು ಬಂಗಾರಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಅದಕ್ಕೇ ಇರಬೇಕು, ಯಾವುದೋ ದೇಶದ ಎರಡು ದೊಡ್ಡ ಕಂಪನಿಗಳು ವಿಡಿಯೊ ಗೇಮ್ ಡಬ್ಬಗಳ ವಿಷಯಕ್ಕೆ ಕಿತ್ತಾಡುವಾಗ ಅವರೇನು ಅಂದರು, ಇವರೇನು ಅಂದರು ಎಂದು ಓದಿ ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು.

ಅಣ್ಣನಿಗೆ ಆಂಡರ್ಸನ್‌ಪೇಟೆಯಲ್ಲಿ ಗೇಮ್ ಅಂಗಡಿ. ಅಂಗಡಿ ಅಂದರೆ ಒಂದು ಕೋಣೆ, ಗೋಡೆಗೆ ಸಾಲಾಗಿ ಟಿವಿಗಳು, ಮುಂದೆ ಪ್ಲಾಸ್ಟಿಕ್ ಕುರ್ಚಿಗಳು. ಹತ್ತನೇ ತರಗತಿಯ ಗಣಿತದಲ್ಲಿ ಫೇಲಾದ ಮೇಲೆ ಅವನು ಟಿವಿ ರಿಪೇರಿ ಕಲಿತ, ಆಮೇಲೆ ಇದಕ್ಕೆ ಇಳಿದ. ಬಲಗಡೆ ಗೋಡೆಗೆ ಒಂದು ಕಂಪನಿಯ ಕರಿ ಡಬ್ಬಗಳು, ಎಡಗಡೆ ಗೋಡೆಗೆ ಇನ್ನೊಂದು ಕಂಪನಿಯ ಬಿಳಿ ಡಬ್ಬಗಳು. ಬರುವವರೂ ಹಾಗೇ ಎರಡು ಕಡೆಯಾಗಿದ್ದರು. ಕರಿ ಡಬ್ಬದ ಕಡೆಗೆ ಒಬ್ಬ ಆಟೊ ಓಡಿಸುವವನು ಮುಖಂಡ. ಬಿಳಿ ಡಬ್ಬದ ಕಡೆಗೆ ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಗಳಿಂದ ಬರುತ್ತಿದ್ದ ಒಬ್ಬ ವೆಲ್ಡರ್, ಮನೆಮಾತು ತಮಿಳು. ಇಬ್ಬರಿಗೂ ಮದುವೆಯಾಗಿತ್ತು, ಮಕ್ಕಳಿದ್ದರು. ಭಾನುವಾರ ಬಂತೆಂದರೆ ಇಬ್ಬರೂ ಎದುರುಬದುರು ಗೋಡೆಗೆ ಒರಗಿ ಕೂತು ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು. ನಿಮ್ಮ ಡಬ್ಬದ ಮೇಲೆ ಅನ್ನ ಬೇಯಿಸಬಹುದು, ಅಷ್ಟು ಬಿಸಿ ಬರುತ್ತದೆ ಎಂದು ಆಟೊದವನು ಹೇಳಿದರೆ, ವೆಲ್ಡರ್ ತಲೆ ಎತ್ತದೆ, "ನಿಮ್ದ್ ಬರೀ ಡಬ್ಬ ಮಚ್ಚಾ, ಒಳಗೆ ಆಟ ಎಲ್ಲೈತೆ?" ಎನ್ನುತ್ತಿದ್ದ.

ಅಂಗಡಿ ನಡೆಯುತ್ತಿದ್ದದ್ದು ಡಿಸ್ಕ್ ಚೀಟಿಯಿಂದ. ನಮ್ಮ ಕಡೆ ಹೆಂಗಸರು ಪಾತ್ರೆಗೆ ಚೀಟಿ ಹಾಕುತ್ತಾರೆ, ಒಡವೆಗೆ ಹಾಕುತ್ತಾರೆ. ಅಣ್ಣ ಅದನ್ನೇ ಗೇಮ್ ಡಿಸ್ಕಿಗೆ ಹೊಂದಿಸಿದ್ದ. ಹೊಸ ಆಟದ ಡಿಸ್ಕ್ ಒಬ್ಬನೇ ಕೊಳ್ಳುವಷ್ಟು ಶಕ್ತಿ ಇಲ್ಲಿ ಯಾರಿಗೂ ಇಲ್ಲ. ಒಂದು ಕಡೆಯವರೆಲ್ಲ ಸೇರಿ ತಿಂಗಳಿಗಿಷ್ಟು ಹಾಕಿ ಒಂದು ಡಿಸ್ಕ್ ತರಿಸುವರು. ಭಾನುವಾರ ಹೆಸರು ಬರೆದ ಕಾಗದಗಳನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕಿ ಎತ್ತುವರು. ಹೆಸರು ಬಂದವನಿಗೆ ಡಿಸ್ಕ್ ಒಂದು ವಾರ ಮನೆಗೆ. ಮನೆಯಲ್ಲಿ ಡಬ್ಬ ಇಲ್ಲದವನು ಆ ವಾರ ಅಂಗಡಿಯಲ್ಲೇ ಕೂತು ಆಡಬಹುದು. ಎಲ್ಲರ ಸರದಿ ಮುಗಿದ ಮೇಲೆ ಅಣ್ಣ ಬೆಂಗಳೂರಿಗೆ ಹೋಗಿ, ಹಳೇ ಡಿಸ್ಕ್ ಕೊಟ್ಟು ಬೇರೆಯದನ್ನು ಬದಲಾಯಿಸಿಕೊಂಡು ಬರುವನು. ಕರಿ ಡಬ್ಬಕ್ಕೊಂದು ಚೀಟಿ, ಬಿಳಿ ಡಬ್ಬಕ್ಕೊಂದು ಚೀಟಿ. ಮೋಸ ಆಗಿದ್ದು ನನಗೆ ಗೊತ್ತಿಲ್ಲ. ಗೀರು ಬಿದ್ದ ಡಿಸ್ಕ್ ವಾಪಸು ಬಂದಾಗ ಜಗಳ ಆಗಿದ್ದುಂಟು, ಅಷ್ಟೆ.

ಹೋದ ವರ್ಷ ಸುದ್ದಿಗಳು ಶುರುವಾದವು. ಎರಡೂ ಕಂಪನಿಗಳು ಹೊಸ ತಲೆಮಾರಿನ ಡಬ್ಬ ತಯಾರಿಸುತ್ತಿವೆ, ಇವರದಕ್ಕಿಂತ ಅವರದು ವೇಗ, ಅವರದಕ್ಕಿಂತ ಇವರದು ಚೆಂದ. ಅದರ ಜೊತೆಗೇ ಇನ್ನೊಂದು ಮಾತು ಹಬ್ಬಿತು. ಹೊಸ ಡಬ್ಬಗಳಿಗೆ ಡಿಸ್ಕ್ ತೂರಿಸುವ ಬಾಯಿಯೇ ಇರುವುದಿಲ್ಲವಂತೆ. ಆಟವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು, ಅದು ಕೊಂಡವನ ಅಕೌಂಟಿಗೆ ಅಂಟಿಕೊಂಡಿರುತ್ತದೆ, ಇನ್ನೊಬ್ಬನಿಗೆ ಕೊಡಲು ಆಗುವುದಿಲ್ಲ.

ಈ ಮಾತು ಕಿವಿಗೆ ಬಿದ್ದ ದಿನ ಅಣ್ಣ ನನ್ನನ್ನು ಬಂಗಾರಪೇಟೆ ಸ್ಟೇಷನ್ನಿಗೇ ಹುಡುಕಿಕೊಂಡು ಬಂದಿದ್ದ. ಮನೆಗೆ ಬಂದ ಮೇಲೆ ಕೇಳಬಹುದಿತ್ತು. ರೈಲಿನಲ್ಲಿ ಪಕ್ಕದಲ್ಲಿ ಕೂತು ಫೋನ್ ನನ್ನ ಕೈಗಿಟ್ಟ. ನಾವು ಇಳಿಯುವ ಮಾರಿಕುಪ್ಪಂ ಹತ್ತಿರವಾಗುವವರೆಗೂ ನಾನು ಓದಿದೆ. ಇನ್ನೂ ಯಾರೂ ಖಚಿತವಾಗಿ ಹೇಳಿಲ್ಲ, ಆದರೆ ಇಲ್ಲ ಎಂದೂ ಹೇಳುತ್ತಿಲ್ಲ ಎಂದೆ. ಅವನು ಕಿಟಕಿಯ ಕಡೆ ನೋಡುತ್ತಾ ತನ್ನ ಲೆಕ್ಕ ಹೇಳಿದ.

ಅವನ ಲೆಕ್ಕ ಬಸ್ಸಿನದು. ನಾವು ಚಿಕ್ಕವರಿದ್ದಾಗ ನಮ್ಮೂರಿನ ಮೇಲೆ ಎರಡು ಖಾಸಗಿ ಬಸ್ಸುಗಳು ಪೈಪೋಟಿಗೆ ಬಿದ್ದು ಓಡುತ್ತಿದ್ದವು. ಇವನು ಅಮ್ಮನ ರಾಗಿ ಮೂಟೆ ಪುಕ್ಕಟೆ ಹಾಕಿಕೊಂಡರೆ ಅವನು ಮೂಟೆಯ ಜೊತೆಗೆ ಮುಂದಿನ ಸೀಟೂ ಕೊಡುತ್ತಿದ್ದ. ಒಂದು ಬಸ್ಸು ನಿಂತುಹೋದ ಮೇಲೆ ಇನ್ನೊಬ್ಬ ಕೈ ಅಡ್ಡ ಹಾಕಿದರೂ ನಿಲ್ಲಿಸಲಿಲ್ಲ.

"ಎಲ್ಡಿದ್ರೇನೇ ನಮಗ್ ಬೆಲೆ ಕಣೇ," ಎಂದ ಅಣ್ಣ. "ಕಿತ್ತಾಡ್ಲಿ ಬುಡು. ಒಬ್ಬ ಡಿಸ್ಕ್ ತೆಗದ್ರೆ ಇನ್ನೊಬ್ಬ ಇಟ್ಟೇ ಇಡ್ತಾನೆ, ಅವನ ಒಟ್ಟೆ ಉರ್ಸಾಕೆ."

ಕೇಳಲು ಸರಿಯಾಗಿಯೇ ಇತ್ತು. ಅಂಗಡಿಗೆ ಬರುವವರೆಲ್ಲರೂ ಅದನ್ನೇ ನಂಬಿದರು. ಯಾವ ಕಂಪನಿ ಡಿಸ್ಕ್ ಉಳಿಸಿಕೊಳ್ಳುತ್ತದೋ ಆ ಡಬ್ಬಕ್ಕೇ ಎರಡು ಚೀಟಿಯವರೂ ಸೇರಿ ಹಾಕುವುದು, ಅಂಗಡಿಗೆ ಹೊಸದನ್ನು ತರುವುದು ಎಂದು ಮಾತಾಯಿತು. ಸೋತ ಕಡೆಯವರು ಗೆದ್ದ ಕಡೆಯವರ ಬಾಯಿಗೆ ಸಿಗಬೇಕಾಗುತ್ತದೆ, ಇರಲಿ.

ಮೊದಲು ಕರಿ ಡಬ್ಬದ ಕಂಪನಿಯವರು ತಮ್ಮ ಹೊಸ ಡಬ್ಬದ ಬಗ್ಗೆ ಮಾತಾಡಿದ ವಿಡಿಯೊವನ್ನು ಒಂದು ಭಾನುವಾರ ಮಧ್ಯಾಹ್ನ ದೊಡ್ಡ ಟಿವಿಗೆ ಹಾಕಿಕೊಂಡು ಎಲ್ಲರೂ ಕೂತೆವು. ನಾನು ನಿಂತು ಹೇಳುತ್ತಾ ಹೋದೆ. ವೇಗದ ವಿಷಯ ಬಂತು, ಬೆಳಕು ನೀರಿನ ಮೇಲೆ ಹೇಗೆ ಬೀಳುತ್ತದೆ ಎಂಬುದು ಬಂತು. ಮಾತಾಡುತ್ತಿದ್ದವನು ಹೆಸರು ಹೇಳದೆ ಎದುರಾಳಿಯನ್ನು ಸಣ್ಣಗೆ ಕುಟುಕಿದ. ನಾನು ಅದನ್ನೂ ಹೇಳಿದೆ, ಕರಿ ಡಬ್ಬದ ಕಡೆಯವರು ಶಿಳ್ಳೆ ಹಾಕಿದರು. ವೆಲ್ಡರ್ ಮಾತ್ರ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ.

"ಅದೆಲ್ಲಾ ಬುಡು ಯಕ್ಕಾ. ಡಿಸ್ಕ್ ಇರುಕ್ಕಾ ಇಲ್ಲಯಾ?" ಎಂದ. ಇದೆಯೋ ಇಲ್ಲವೋ ಎಂದು ಕೇಳುವಾಗ ಕನ್ನಡ ಬಿಟ್ಟು ಅವನ ಮನೆಮಾತೇ ಬಂದಿತ್ತು.

ವಿಡಿಯೊ ಮುಗಿಯಿತು. ಡಿಸ್ಕಿನ ಬಗ್ಗೆ ಒಂದಕ್ಷರ ಇಲ್ಲ ಎಂದೆ. ಅಣ್ಣ, ಹಾಗಾದರೆ ಇನ್ನೊಬ್ಬನು ಹೇಳುತ್ತಾನೆ ನೋಡು ಎಂದ. ಕೆಲವು ವಾರ ಕಳೆದು ಬಿಳಿ ಡಬ್ಬದ ಕಂಪನಿಯವನೂ ಮಾತಾಡಿದ. ಅವನೂ ವೇಗ ಅಂದ, ಬೆಳಕು ಅಂದ, ಮೊದಲನೆಯವನನ್ನು ಕುಟುಕಿದ, ಡಿಸ್ಕಿನ ಮಾತು ಮಾತ್ರ ಎತ್ತಲಿಲ್ಲ. ಈ ಸಲ ಬಿಳಿ ಡಬ್ಬದ ಕಡೆಯವರು ಶಿಳ್ಳೆ ಹಾಕಬೇಕಿತ್ತು. ಒಬ್ಬಿಬ್ಬರು ಹಾಕಿದರು.

ಆ ದಿನ ಎಲ್ಲರೂ ಹೋದ ಮೇಲೆ ನನಗೆ ಅರ್ಥವಾದದ್ದನ್ನು ಅಣ್ಣನಿಗೆ ಹೇಳಿದೆ. ಬಸ್ಸಿನವರಿಗೆ ನಾವು ಬೇಕಾಗಿತ್ತು, ನಾವು ಹತ್ತದಿದ್ದರೆ ಸೀಟು ಖಾಲಿ. ಈ ಎರಡು ಕಂಪನಿಗಳ ಜಗಳ ನಮಗಾಗಿ ಅಲ್ಲ. ಒಂದು ಡಿಸ್ಕ್ ಕೊಂಡು ಊರೆಲ್ಲ ಹಂಚಿಕೊಂಡು ಆಡುವವರು ಇಬ್ಬರಿಗೂ ಬೇಡ. ಉಳಿದ ಎಲ್ಲದರಲ್ಲೂ ಅವರು ವೈರಿಗಳು, ಇದೊಂದರಲ್ಲಿ ಅಲ್ಲ. ಅಣ್ಣ ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದ. ಕೇಳಿಸಿಕೊಂಡ. ನೋಡೋಣ, ಇನ್ನೂ ಟೈಮಿದೆ ಎಂದ.

ನಮ್ಮ ಊರಿನವರಿಗೆ ಕಾಯುವುದು ಹೇಳಿಕೊಡಬೇಕಾಗಿಲ್ಲ. ಚಿನ್ನದ ಗಣಿ ಮುಚ್ಚಿ ಇಷ್ಟು ಕಾಲವಾದರೂ ಮತ್ತೆ ತೆರೆಯುತ್ತಾರಂತೆ ಎಂದು ಲೈನ್ ಮನೆಗಳಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ವೆಲ್ಡರನ ಅಪ್ಪನೇ ಒಬ್ಬ. ಆದರೆ ಅಂಗಡಿಗೆ ಹಾಗೆ ಕಾಯಲು ಆಗುವುದಿಲ್ಲ. ಹೊಸದು ಬರುತ್ತದೆ ಎಂದ ಮೇಲೆ ಹಳೇ ಡಬ್ಬಕ್ಕೆ ಇನ್ನೊಂದು ಡಿಸ್ಕ್ ಯಾಕೆ ಎಂದು ಒಬ್ಬೊಬ್ಬರೇ ಚೀಟಿ ನಿಲ್ಲಿಸಿದರು. ಯಾರೂ ಬಿಟ್ಟೆ ಎನ್ನಲಿಲ್ಲ, ಬಂದ ಮೇಲೆ ಹಾಕುತ್ತೇವೆ ಎಂದರು. ಬೆಂಗಳೂರಿನಲ್ಲಿ ಅಣ್ಣನ ಡಿಸ್ಕುಗಳನ್ನು ಬದಲಾಯಿಸಿಕೊಡುತ್ತಿದ್ದ ಅಂಗಡಿಯವನೂ ಇನ್ನು ತರಬೇಡಿ ಎಂದ. ಹೊಸ ಡಬ್ಬ ಇನ್ನೂ ಯಾವ ದೇಶದ ಯಾವ ಅಂಗಡಿಗೂ ಬಂದಿರಲಿಲ್ಲ. ಬರುತ್ತದೆ ಎಂಬ ಮಾತೇ ಆಂಡರ್ಸನ್‌ಪೇಟೆಯ ಒಂದು ಕೋಣೆಯನ್ನು ಖಾಲಿ ಮಾಡಿತು.

ಬೇಸಿಗೆ ರಜದಲ್ಲಿ ನಾನು ಅಂಗಡಿಯಲ್ಲೇ ಹೆಚ್ಚು ಕೂರುತ್ತಿದ್ದೆ. ಒಂದು ಸಂಜೆ ಆಟೊದವನೂ ವೆಲ್ಡರನೂ ಜೊತೆಯಾಗಿ ಬಂದರು, ಒಂದೇ ಆಟೊದಲ್ಲಿ. ಇಬ್ಬರೂ ಚಪ್ಪಲಿ ಬಿಡಲಿಲ್ಲ, ಕೂರಲೂ ಇಲ್ಲ. ಅಣ್ಣನಿಗೆ ಆಗಲೇ ತಿಳಿದುಹೋಯಿತು. "ಏನ್ರಲಾ, ಇಬ್ರೂ ಒಂದಾಗ್ಬುಟ್ರಾ?" ಎಂದು ನಗಿಸಲು ನೋಡಿದ. ಆಟೊದವನು ನೆಲ ನೋಡುತ್ತಾ, ಚೀಟಿ ಮುರಿದುಬಿಡೋಣಣ್ಣ ಎಂದ. ಎರಡನ್ನೂ.

ಚೀಟಿ ಮುರಿಯುವ ಕ್ರಮವೇ ಇದೆ, ಉಳಿದದ್ದನ್ನು ಪಾಲು ಮಾಡಬೇಕು. ಉಳಿದದ್ದು ಬದಲಾಯಿಸದೆ ಅಂಗಡಿಯಲ್ಲೇ ಇಟ್ಟುಕೊಂಡಿದ್ದ ಹಳೇ ಡಿಸ್ಕುಗಳೇ. ಮುಂದಿನ ಭಾನುವಾರ ಅಣ್ಣ ಎಲ್ಲರನ್ನೂ ಕರೆದು ತಲೆಗೊಂದೊಂದು ಹಂಚಿದ. ಯಾರಿಗೆ ಯಾವುದು ಎಂದು ಯಾರೂ ಜಗಳ ಆಡಲಿಲ್ಲ. ನನಗೆ ಅದೇ ಎಲ್ಲಕ್ಕಿಂತ ಕೆಟ್ಟದ್ದಾಗಿ ಕಂಡಿತು. ವೆಲ್ಡರನ ಮನೆಯ ಡಬ್ಬ ಕೆಟ್ಟು ವರ್ಷವಾಗಿತ್ತು. ಆದರೂ ತನ್ನ ಪಾಲಿನ ಡಿಸ್ಕನ್ನು ಅಂಗಿಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು ಗೀರು ನೋಡಿ, ತೆಗೆದುಕೊಂಡು ಹೋದ.

ಆಮೇಲೂ ಅಣ್ಣ ಅಂಗಡಿ ತೆಗೆಯುತ್ತಿದ್ದ. ಸ್ಕೂಲು ಹುಡುಗರು ಬಂದು ಫೋನ್ ಚಾರ್ಜಿಗೆ ಹಾಕಿ, ಆ ಫೋನಿನಲ್ಲೇ ಆಟ ಆಡಿಕೊಂಡು ಹೋಗುತ್ತಿದ್ದರು. ಒಂದು ದಿನ ಅವನು ಹೊಸ ಸುದ್ದಿ ಏನಾದರೂ ಬಂದಿದೆಯಾ ಎಂದು ಫೋನ್ ಕೊಟ್ಟ. ನಾನು ಓದಿದೆ. ಅವರು ಇವರಿಗಿಂತ ಮೊದಲು ಬಿಡುತ್ತಾರಂತೆ, ಇವರು ಅವರಿಗಿಂತ ಕಡಿಮೆ ಬೆಲೆಗೆ ಬಿಡಬಹುದಂತೆ. ಅವನು ಮಧ್ಯದಲ್ಲೇ ಕೈ ತೋರಿಸಿ ನಿಲ್ಲಿಸಿದ.

"ನೀನ್ ಓದಿದೋಳು, ಸುಳ್ ಏಳ್ಬ್ಯಾಡ. ಮುಚ್ಚಲಾ?"

ಬೇರೆ ಯಾರಾದರೂ ಆಗಿದ್ದರೆ ಇನ್ನೂ ಸ್ವಲ್ಪ ದಿನ ನೋಡು ಎನ್ನುತ್ತಿದ್ದರೇನೋ. ಓದಿದ್ದಕ್ಕೆ ಅಷ್ಟಾದರೂ ಬೆಲೆ ಇರಲಿ ಎಂದು, "ಮುಚ್ಚಣ್ಣಾ," ಎಂದೆ.

ಅವನು ತಲೆಯಾಡಿಸಿದ. ಕರಿ ಡಬ್ಬಗಳ ವೈರುಗಳನ್ನು ಮೊದಲು ಬಿಚ್ಚಿದ, ಆಮೇಲೆ ಬಿಳಿಯವನ್ನು. ಟಿವಿಯ ರಟ್ಟಿನ ಪೆಟ್ಟಿಗೆಯಿಂದ ಒಂದು ಮಗ್ಗುಲು ಕತ್ತರಿಸಿ, ದಪ್ಪ ಮಾರ್ಕರ್ ಹುಡುಕಿ ತಂದು ನನ್ನ ಮುಂದಿಟ್ಟ. ಅಂಗಡಿ ಬಾಡಿಗೆಗೆ ಇದೆ ಎಂದು ಕನ್ನಡದಲ್ಲಿ ಬರೆದೆ. ಇಂಗ್ಲಿಷಿನಲ್ಲೂ ಬರಿ ಎಂದ. ಕಾಲೇಜಿನಲ್ಲಿ ನನ್ನ ಬರವಣಿಗೆಯನ್ನು ಮೇಷ್ಟ್ರು ಕ್ಲಾಸಿಗೆಲ್ಲ ತೋರಿಸುತ್ತಿದ್ದರು. ಹಾಗೇ ದುಂಡಗೆ ಬರೆದೆ. ಅಣ್ಣ ಅದನ್ನು ಶಟರಿಗೆ ಕಟ್ಟಿ, ರಸ್ತೆಯ ಆ ಬದಿಗೆ ಹೋಗಿ ನಿಂತು ನೋಡಿ, ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ ಎಂದ.