ಗರಗದ ಹುಡುಗಿಯ ಮುಂದಿದ್ದ ಎರಡು ವಿಶ್ವವಿದ್ಯಾಲಯ

ಕೊರೊನಾ ಕಾಟ ಮುಗಿದು ಕಾಲೇಜುಗಳು ಹಳೆಯ ಹಳಿಗೆ ಮರಳಿದ ಮರುವರ್ಷದ ಮಾತು. ನಾನಾಗ ಧಾರವಾಡದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಪಾಠದ ಜೊತೆಗೆ ‘ವೃತ್ತಿ ಮಾರ್ಗದರ್ಶನ ಘಟಕ’ ಎಂಬುದೂ ನನ್ನ ಕೊರಳಿಗೇ ಬಿದ್ದಿತ್ತು. ಹೆಸರಷ್ಟೇ ದೊಡ್ಡದು, ಇದ್ದದ್ದು ಒಂದು ಟೇಬಲ್, ನಾಲ್ಕು ಕುರ್ಚಿ, ಒಂದು ಕರಿಹಲಗೆ. ಪಿಯುಸಿ ಫಲಿತಾಂಶ ಬಂದ ಮೇಲೆ ಮುಂದೇನು ಎಂದು ಕೇಳಿಕೊಂಡು ಬರುವ ಮಕ್ಕಳನ್ನೂ ಅವರಿಗಿಂತ ಹೆಚ್ಚು ಗಾಬರಿಯಾದ ಹೆತ್ತವರನ್ನೂ ಸಂಭಾಳಿಸುವುದು ನನ್ನ ಕೆಲಸವಾಗಿತ್ತು.

ಹುಬ್ಬಳ್ಳಿ–ಧಾರವಾಡ ಪಾಲಿಕೆಯ ಮಟ್ಟಿಗೆ ಒಂದೇ ಊರು. ಈ ಒಂದೇ ಊರಿನಲ್ಲಿ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಿರುವುದರಿಂದ ನಮ್ಮ ಮಕ್ಕಳಿಗೆ ಗೊಂದಲವೂ ಹೆಚ್ಚು. ನಾನು ಹಲಗೆಯ ನಡುವೆ ಒಂದು ಗೆರೆ ಎಳೆದು, ಎದುರಿಗಿದ್ದ ಎರಡು ಆಯ್ಕೆಗಳ ಒಳಿತು ಕೆಡುಕುಗಳನ್ನು ಅವರ ಕೈಯಿಂದಲೇ ಬರೆಸುತ್ತಿದ್ದೆ. ಕಣ್ಣೀರು ಹಾಕುವವರನ್ನು ಕಂಡರೆ ನನಗೆ ತಾಳ್ಮೆ ಕಡಿಮೆ. “ಅಳೂದು ಆಮ್ಯಾಲೆ, ಮೊದಲ ಬರೀ” ಎನ್ನುತ್ತಿದ್ದೆ. ಮಕ್ಕಳು ಬೆನ್ನ ಹಿಂದೆ ನನಗೆ ಏನೇನು ಹೆಸರಿಟ್ಟಿದ್ದರೋ, ವಿಚಾರಿಸಲು ಹೋಗಲಿಲ್ಲ.

ಸುಮಂಗಲಾ ಧಾರವಾಡದ ಹತ್ತಿರದ ಗರಗದ ಹುಡುಗಿ. ಅವಳ ಅಪ್ಪ ಮಲ್ಲಪ್ಪ ಖಾದಿ ನೇಯುವವರು. ವಿಜ್ಞಾನ ಓದಿದ್ದರೂ ಹುಡುಗಿಯ ಜೀವವೆಲ್ಲ ಚರ್ಚಾಸ್ಪರ್ಧೆಯಲ್ಲಿ. ಎದುರು ಪಕ್ಷದವರು ಅವಳ ಹೆಸರು ಕೇಳಿದರೇ ಅರ್ಧ ಸೋಲುತ್ತಿದ್ದರು. ಆ ವರ್ಷ ಅವಳಿಗೆ ಎರಡು ಕಡೆ ಸೀಟು ಸಿಗುವಂತಿತ್ತು. ಒಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ. ಇನ್ನೊಂದು ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದಲ್ಲಿ ಐದು ವರ್ಷದ ಇಂಟಿಗ್ರೇಟೆಡ್ ಕೋರ್ಸು, ಎಂದರೆ ಪದವಿ ಮತ್ತು ಕಾನೂನು ಎರಡನ್ನೂ ಕೂಡಿಸಿದ್ದು. ನನ್ನ ಹಲಗೆಯ ಮೇಲೆ ಕಾನೂನೇ ಗೆದ್ದಿತು. “ನಮ್ಮ ಓಣ್ಯಾಗ ಬಾಯಿ ಇಲ್ಲದ ಮಂದಿ ಭಾಳ ಅದಾರ. ಅವರ ಪರ ಮಾತಾಡಾಕ ನಮ್ಮ ಮನ್ಯಾಗ ಒಬ್ಬಾಕಿ ಇರಲಿ ಅಂತಾನ್ರಿ ಅಪ್ಪ” ಎಂದು ನಗುತ್ತ ಹೋದಳು.

ಕೆಲವು ದಿನ ಬಿಟ್ಟು ಒಂದು ಮಧ್ಯಾಹ್ನ ಮತ್ತೆ ಬಂದು, ನಿಂತಲ್ಲೇ ಹೇಳಿದಳು: “ಮೇಡಂ, ನಾ ಕೃಷಿನ ತಗೋತೇನ್ರಿ.”

ನನಗೆ ಸಿಟ್ಟು ಬಂತು. ಯಾಕೆ ಎಂದರೆ ಸುಮ್ಮನೆ ಎಂದಳು. ಸುಮ್ಮನೆ ಯಾರೂ ಹೀಗೆ ಮಾಡುವುದಿಲ್ಲ ಎಂದು ಗದರಿದೆ. ಆಗ ಕಟ್ಟೆ ಒಡೆಯಿತು. ಮಲ್ಲಪ್ಪನವರಿಗೆ ಕ್ಯಾನ್ಸರ್. ಇನ್ನು ಕೆಲವೇ ತಿಂಗಳು ಎಂದು ಡಾಕ್ಟರು ಮನೆಯವರಿಗೆ ಹೇಳಿದ್ದರು. ಮನೆಯವರು ಮಲ್ಲಪ್ಪನವರಿಗೆ ಹೊಟ್ಟೆಯಲ್ಲಿ ಹುಣ್ಣು ಎಂದಷ್ಟೇ ಹೇಳಿದ್ದರು. ಬಾಯಿ ಬಿಡಬಾರದೆಂದು ಅವ್ವ ತನ್ನ ತಾಳಿ ಮುಟ್ಟಿಸಿ ಮಗಳಿಂದ ಆಣೆ ಹಾಕಿಸಿದ್ದಳು.

ನಮ್ಮ ಕಡೆ ಇದು ಹೊಸದಲ್ಲ. ರಿಪೋರ್ಟು ಮನೆಯವರ ಕೈಗೆ, ಮಾತ್ರೆ ಮಾತ್ರ ರೋಗಿಯ ಕೈಗೆ. ಕೃಷಿ ವಿಶ್ವವಿದ್ಯಾಲಯವಾದರೆ ಗರಗದಿಂದ ದಿನಾ ಬಸ್ಸಿನಲ್ಲಿ ಹೋಗಿಬರಬಹುದು, ಸಂಜೆಗೆ ಅಪ್ಪನ ಹತ್ತಿರ ಇರಬಹುದು. ಹುಬ್ಬಳ್ಳಿಯಾದರೆ ಹಾಸ್ಟೆಲ್ಲು. ಆದರೆ ಆ ಕಾರಣವನ್ನು ಅಪ್ಪನಿಗೆ ಹೇಳಿದರೆ ಅವನ ಸಾವನ್ನೇ ಹೇಳಿದಂತೆ. “ಕೈಗೆ ಬಂದದ್ದನ್ನ ಒದ್ದು ಬಂದಿ ಅಂತ ಅಪ್ಪ ಮಾತು ಬಿಟ್ಟಾನ್ರಿ. ನಾಳೆ ನಿಮ್ಮ ಕಡೆ ಬರತಾನ. ಕೃಷಿನ ಛಲೋ ಅಂತ ಹೇಳ್ರಿ, ನಿಮ್ಮ ಕಾಲಿಗೆ ಬೀಳತೇನಿ” ಎಂದಳು.

ಮಲ್ಲಪ್ಪ ಮರುದಿನ ಬಂದರು, ತಲೆಗೆ ಟವೆಲ್ ಸುತ್ತಿಕೊಂಡು. ಮಗಳನ್ನು ಹೊರಗೆ ವರಾಂಡದಲ್ಲಿ ಕೂರಿಸಿ ತಾವೊಬ್ಬರೇ ಒಳಗೆ ಬಂದರು. ನಾನು ಕೃಷಿ ಪದವಿಯ ಗುಣಗಾನ ಶುರುಮಾಡಿದೆ: ಬ್ಯಾಂಕಿನ ನೌಕರಿ, ಬೀಜದ ಕಂಪನಿ, ಸಂಶೋಧನೆ. ಅವರು ಸಮಾಧಾನದಿಂದ ಕೇಳಿ, ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ತಲೆಯಲ್ಲಿ ಒಂದು ಕೂದಲಿರಲಿಲ್ಲ.

“ಮೇಡಮ್ಮಾರ, ಹುಣ್ಣಿಗೆ ಯಾರರ ಕೂದಲ ಉದುರೂ ಔಷಧ ಕೊಡ್ತಾರೇನ್ರಿ? ನಾ ಸಾಲಿ ಕಲ್ತಿಲ್ಲ ಖರೇ, ಕಣ್ಣರ ಅದಾವಲ್ರಿ.”

ಗೊತ್ತಿದ್ದೂ ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೆಂಗ ಹೇಳಲ್ರಿ? ಈಗ ಆಕಿ ಅವ್ವ ಹಿತ್ತಲದಾಗ ಅತ್ತು, ಮಾರಿ ತೊಳಕೊಂಡು ಒಳಗ ಬರತಾಳ. ನನಗ ಗೊತ್ತೈತಿ ಅಂದ್ರ ನನ್ನ ಮುಂದನ ಅಳತಾಳ. ನೋಡೂ ಶಕ್ತಿ ಇಲ್ರಿ ನನಗ. ಹುಡುಗಿ ಮ್ಯಾಲೆ ಸಿಟ್ಟು ಮಾಡಿದ್ರರ ಹುಬ್ಬಳ್ಳಿಗೆ ಹೋದಾಳು ಅಂತ ಮಾಡೇನಿ.”

ಹೆಂಡತಿ ಗಂಡನಿಂದ, ಮಗಳು ಅಪ್ಪನಿಂದ, ಅಪ್ಪ ಇಬ್ಬರಿಂದಲೂ ಮುಚ್ಚಿಟ್ಟಿದ್ದರು. ಅಷ್ಟು ಪ್ರೀತಿ ಇದ್ದ ಮನೆಯಲ್ಲಿ ಮಾತೇ ಇರಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಬಾಗಿಲು ತೆಗೆದು ಸುಮಂಗಲಾಳನ್ನು ಒಳಗೆ ಕರೆದೆ. “ನಿಮ್ಮ ಅಪ್ಪಗ ಎಲ್ಲಾ ಗೊತ್ತೈತವಾ. ಇಬ್ರೂ ಕೂತು ಮಾತಾಡ್ರಿ” ಎಂದು ಹೇಳಿ ನಾನು ಹೊರಗೆ ಹೋಗಿ ನಿಂತೆ. ಅಂಥ ಮಾತನ್ನು ಹೇಳುವ ಅಧಿಕಾರ ನನಗಿತ್ತೋ ಇಲ್ಲವೋ ಆ ಕ್ಷಣದಲ್ಲಿ ಯೋಚಿಸಲಿಲ್ಲ. ಯೋಚಿಸಿದ್ದರೂ ಹಾಗೆಯೇ ಮಾಡುತ್ತಿದ್ದೆ.

ಬಹಳ ಹೊತ್ತಿನ ಮೇಲೆ ಇಬ್ಬರೂ ಹೊರಬಂದರು. ಹುಡುಗಿಯ ಕಣ್ಣು ಊದಿಕೊಂಡಿದ್ದವು. “ಹುಬ್ಬಳ್ಳಿರಿ, ಮೇಡಂ” ಎಂದಳು. ಒಳಗೆ ಅಪ್ಪ ಏನು ಹೇಳಿದ್ದನೆಂದು ಆಮೇಲೆ ತಿಳಿಯಿತು. “ನೀ ಮನ್ಯಾಗ ಕುಂತು ನನ್ನ ಮಾರಿ ನೋಡಾಕತ್ತಿದ್ರ ನನಗ ಸಾಯೂದ ನೆನಪಾಗತೈತಿ. ನೀ ಹುಬ್ಬಳ್ಳ್ಯಾಗ ಇದ್ರ, ಶನಿವಾರ ನನ್ನ ಮಗಳು ಬರತಾಳ ಅಂತ ಹಾದಿ ಕಾಯಾಕರ ಬರತೈತಿ.”

ಅವಳು ಪ್ರತಿ ಶನಿವಾರ ಊರಿಗೆ ಹೋದಳು. ಆ ವಾರ ಕ್ಲಾಸಿನಲ್ಲಿ ಏನೇನು ಹೇಳಿದರೆಂದು ಅಪ್ಪ ಪೂರ್ತಿ ಕೇಳಿಸಿಕೊಳ್ಳುತ್ತಿದ್ದನಂತೆ, ನಡುವೆ ಅಡ್ಡಪ್ರಶ್ನೆ ಹಾಕುತ್ತಿದ್ದನಂತೆ. ಅವ್ವ ಈಗ ಹಿತ್ತಲಿಗೆ ಹೋಗದೆ ಅಲ್ಲೇ ಕೂತು ಅಳುತ್ತಿದ್ದಳು; ಅವನು ನೋಡಿಯೂ ತಾಳಿಕೊಂಡ. ಮೊದಲ ಸೆಮಿಸ್ಟರ್ ಮುಗಿಯುವ ಮೊದಲೇ, ಒಂದು ಬುಧವಾರ ಬೆಳಿಗ್ಗೆ ಮಲ್ಲಪ್ಪ ಹೋಗಿಬಿಟ್ಟರು.

ಸುದ್ದಿ ತಿಳಿದು ನಾನು ಗರಗಕ್ಕೆ ಹೋದೆ. ಪದ್ಧತಿಯಂತೆ ಮಲ್ಲಪ್ಪನವರ ದೇಹವನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಮಗಳ ಸಲುವಾಗಿ ಕಾಯುತ್ತಿದ್ದರು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಒಂದು ಬಸ್ಸು, ಅಲ್ಲಿಂದ ಗರಗಕ್ಕೆ ಇನ್ನೊಂದು. ಬಂದವಳು ಅಪ್ಪನ ಕಾಲ ಬಳಿ ಕೂತಳು. ಎಷ್ಟೋ ಹೊತ್ತಿನ ಮೇಲೆ ನನ್ನನ್ನು ನೋಡಿದಳು. ನಾನು ರೂಢಿಯ ಸಮಾಧಾನ ಶುರುಮಾಡಿದೆ: ನೀನು ಹೋಗಿದ್ದು ಸರಿ, ಅಪ್ಪನಿಗೂ ಅದೇ ಬೇಕಾಗಿತ್ತು.

“ಸರಿ ಇತ್ತಂತ ನನಗೂ ಗೊತ್ತೈತ್ರಿ ಮೇಡಂ” ಎಂದಳು. “ಆದ್ರ ಬೆಳಿಗ್ಗೆ ಅಪ್ಪ ನೀರು ಬೇಡಿದ್ನಂತ. ಅವ್ವ ಅಂಗಡಿಗೆ ಹೋಗಿದ್ಲಂತ, ಬಾಜೂ ಮನಿಯವರು ಕುಡಿಸ್ಯಾರ.”

ಈಗ ಅವಳು ಕಾನೂನಿನ ಕೊನೆಯ ವರ್ಷದಲ್ಲಿದ್ದಾಳೆ. ಚೆನ್ನಾಗಿ ಓದುತ್ತಾಳೆ, ವಾದಿಸುತ್ತಾಳೆ. ಆ ಆಯ್ಕೆ ತಪ್ಪಲ್ಲ ಎಂದು ಇಂದಿಗೂ ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಆದರೆ ಸರಿಯಾದ ಆಯ್ಕೆ ಮಾಡಿದವರಿಗೆ ಕೊರಗು ಉಳಿಯುವುದಿಲ್ಲ ಎಂದು ಅಷ್ಟು ವರ್ಷ ನಂಬಿಕೊಂಡಿದ್ದೆನಲ್ಲ, ಆ ನಂಬಿಕೆ ಗರಗದ ಆ ಮನೆಯಲ್ಲಿ ಹೋಯಿತು. ನಿವೃತ್ತಿಯಾಗುವವರೆಗೆ ನನ್ನ ಮುಂದೆ ಕೂತ ಒಂದೊಂದು ಮಗುವಿಗೂ ಒಂದು ಮಾತು ಹೆಚ್ಚಿಗೆ ಹೇಳಿದೆ: ಸರಿಯಾದದ್ದನ್ನೇ ಆರಿಸಿಕೋ, ಆದರೆ ಅದಕ್ಕಾಗಿ ಒಂದು ದಿನ ಅಳಬೇಕಾದೀತು, ಅತ್ತರೆ ತಪ್ಪು ಮಾಡಿದೆ ಎಂದು ತಿಳಿಯಬೇಡ.